ನೈಟ್ ಡ್ಯೂಟಿ ಟಿಪ್ಪಣಿ – 23: ಗಿಟಾರಿನ ಕತ್ತು ಮತ್ತು "ನನಗೆ ಗೊತ್ತಿರಲಿಲ್ಲ"

ಕಳೆದ ಭಾನುವಾರ ನಮ್ಮ ಮನೆಯಲ್ಲಿ ಒಂದು ಗಿಟಾರಿನ ಕಾರಣಕ್ಕೆ ಮಾತುಕತೆ ನಿಂತುಹೋಗಿತ್ತು. ಮಗನಿಗೆ ಈಗ ಬೇರೆ ಎಲೆಕ್ಟ್ರಿಕ್ ಗಿಟಾರ್ ಬೇಕಂತೆ, ಹಳೆಯದನ್ನು ಮಾರಬೇಕು. ಆನ್‌ಲೈನ್‌ನಲ್ಲಿ ಹಾಕಲು ಜಾಹೀರಾತು ಬರೆಯುತ್ತಾ ಕೂತಿದ್ದ ನಮ್ಮನೆಯವರು, "ಕತ್ತಿನ ವಿಷಯ ಬರೆಯೋದೇ ಬೇಡ. ನಮಗೆ ಮಾರಿದವನು ಹೇಳಿದ್ನಾ? ಯಾರಾದ್ರೂ ಕೇಳಿದ್ರೆ ಆಮೇಲೆ ಹೇಳಿದ್ರಾಯ್ತು" ಅಂದರು. ನಾನು ಆಗಲ್ಲ ಅಂದೆ. ಮಧ್ಯಾಹ್ನದ ಊಟದಲ್ಲಿ ಚಮಚದ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ವಾರ್ಡಿನ ಕಥೆ ಓದಲು ಬಂದವರಿಗೆ ಇದೇನು ಗಿಟಾರಿನ ಪುರಾಣ ಅನ್ನಿಸಬಹುದು. ಕೊನೆಗೆ ವಾರ್ಡಿಗೇ ಬರುತ್ತೇನೆ, ಸ್ವಲ್ಪ ತಾಳಿ.

ಎರಡು ವರ್ಷದ ಹಿಂದೆ ಮಗನಿಗೆ ಹದಿಮೂರು. ಶಾಲೆಯ ಬ್ಯಾಂಡಿನಲ್ಲಿ ಗೆಳೆಯನ ಗಿಟಾರ್ ಹಿಡಿದು ಕಲಿತಿದ್ದ, ಸ್ವಂತದ್ದು ಬೇಕು ಅಂತ ವರಾತ ಶುರುಮಾಡಿದ. ಅವನಿಗೆ ಬೇಕಿದ್ದದ್ದು ಲೆಸ್ ಪಾಲ್ ಆಕಾರದ್ದು. 1952ರಲ್ಲಿ ಮೊದಲು ಬಂದ ಆ ವಿನ್ಯಾಸವನ್ನು ಈಗ ಹಲವು ಕಂಪನಿಗಳು ನಾನಾ ಬೆಲೆಯಲ್ಲಿ ಮಾಡುತ್ತವೆ. ಹೊಸದಕ್ಕೆ ನಮ್ಮ ಕೈ ಎಟುಕಲಿಲ್ಲ. ಸೆಕೆಂಡ್ ಹ್ಯಾಂಡ್ ಸಾಮಾನು ಮಾರುವ ಒಂದು ಜಾಲತಾಣದಲ್ಲಿ 340 ಪೌಂಡಿಗೆ ಒಂದು ಸಿಕ್ಕಿತು. ಕೊರಿಯರ್‌ಗೆ ಇನ್ನೊಂದು 25. "ಅತ್ಯುತ್ತಮ ಸ್ಥಿತಿಯಲ್ಲಿದೆ, ಮನೆಯಲ್ಲಷ್ಟೇ ನುಡಿಸಿದ್ದು, ಒಂದೆರಡು ಸಣ್ಣ ಗೀರು ಮಾತ್ರ" ಅಂತ ಬರೆದಿದ್ದರು. ಏಳು ಫೋಟೋ. ಎಲ್ಲವೂ ಕಿಟಕಿ ಬೆಳಕಿನಲ್ಲಿ ಮದುವೆ ಹೆಣ್ಣಿನ ಹಾಗೆ ಮಿನುಗುತ್ತಿದ್ದವು.

ನೀರಲ್ಲಿರೋ ಎಮ್ಮೆಗೆ ದಡದಲ್ಲಿ ನಿಂತು ವ್ಯಾಪಾರ ಮಾಡೋದು ಅಂತಾರಲ್ಲ, ಆನ್‌ಲೈನ್‌ನಲ್ಲಿ ಹಳೇ ಸಾಮಾನು ಕೊಳ್ಳುವುದು ಅದೇ. ನಮ್ಮಜ್ಜ ಎತ್ತು ಕೊಳ್ಳುವಾಗ ಹಲ್ಲು ಬಿಡಿಸಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸುತ್ತಿದ್ದರು, ಗೊರಸು ಎತ್ತಿ ನೋಡುತ್ತಿದ್ದರು. ಇಲ್ಲಿ ಮಾರುವವನು ಯಾವ ಕಡೆ ತೋರಿಸುತ್ತಾನೋ ಆ ಕಡೆ ಮಾತ್ರ ಎಮ್ಮೆ.

ಆದರೂ ಒಂದು ಕೆಲಸ ಮಾಡಿದ್ದೆ. ಅದು ಜಾಣತನವಲ್ಲ, ಕೆಲಸದ ಚಟ. ರೋಗಿಯನ್ನು ಅಡ್ಮಿಟ್ ಮಾಡಿಕೊಳ್ಳುವಾಗ ಫೈಲಿನಲ್ಲಿ "ಅಲರ್ಜಿ ಇಲ್ಲ" ಅಂತಿದ್ದರೂ ನಾವು ಬಾಯಿಬಿಟ್ಟು ಮತ್ತೆ ಕೇಳುತ್ತೇವೆ. ಎಷ್ಟೋ ಸಲ ಆಗಲೇ ಹೊರಬರುವುದು, "ಓ, ಚಿಕ್ಕವಳಿದ್ದಾಗ ಪೆನಿಸಿಲಿನ್ ಕೊಟ್ಟು ಮೈಯೆಲ್ಲಾ ಊದಿತ್ತು" ಅಂತ. ಈ ಆಕಾರದ ಗಿಟಾರ್ ಕತ್ತಿನ ಹತ್ತಿರ ಮುರಿಯುತ್ತದೆ ಎಂದು ಮಗ ಎಲ್ಲೋ ಓದಿ ಹೇಳಿದ್ದ. ಹಾಗಾಗಿ ದುಡ್ಡು ಕಟ್ಟುವ ಮುಂಚೆ ಮಾರುವವನಿಗೆ ಒಂದು ಸಾಲು ಬರೆದು ಕೇಳಿದೆ: ಕತ್ತು ಅಥವಾ ಹೆಡ್‌ಸ್ಟಾಕ್ ಎಂದಾದರೂ ಮುರಿದಿದೆಯೇ, ಬಿರುಕು ಬಿಟ್ಟಿದೆಯೇ, ರಿಪೇರಿ ಆಗಿದೆಯೇ? ಉತ್ತರ ಬಂತು: "ಇಲ್ಲ, ಎಲ್ಲಾ ಸರಿಯಾಗಿದೆ." ಆ ಐದು ನಿಮಿಷದ ಕೆಲಸವೇ ಮುಂದೆ ನಮ್ಮನ್ನು ಕಾಪಾಡಿದ್ದು. ಹೆಡ್‌ಸ್ಟಾಕಿನ ಹಿಂಭಾಗದ ಫೋಟೋ ಕಳಿಸಿ ಅಂತ ಕೇಳಬೇಕಿತ್ತು, ಕೇಳಲಿಲ್ಲ. ಅದು ನನ್ನ ತಪ್ಪು.

ಇನ್ನೊಂದು ಆಮಿಷವೂ ಇತ್ತು. ನೇರವಾಗಿ ಬ್ಯಾಂಕಿಗೆ ಹಾಕಿದರೆ 20 ಪೌಂಡ್ ಕಡಿಮೆ ಮಾಡುತ್ತೇನೆ ಅಂದ. ನಮ್ಮನೆಯವರು ಫೋನ್ ಕೈಗೆ ತಗೊಂಡೇಬಿಟ್ಟಿದ್ದರು. ಜಾಲತಾಣದ ಮೂಲಕ ಕಟ್ಟಿದರೆ ವಸ್ತು ಹೇಳಿದಂತೆ ಇಲ್ಲದಿದ್ದಾಗ ದೂರು ಕೊಡಲು ಒಂದು ಬಾಗಿಲು ಇರುತ್ತದೆ. ಬ್ಯಾಂಕಿಗೆ ನೇರ ಹಾಕಿ, ವಸ್ತುವೂ ಕೈಗೆ ಬಂದಮೇಲೆ ಅದು ಸರಿಯಿಲ್ಲ ಅಂದರೆ, ಇದು ವಂಚನೆಯಲ್ಲ, ನಿಮ್ಮಿಬ್ಬರ ವ್ಯವಹಾರದ ತಕರಾರು ಅಂತ ಬ್ಯಾಂಕಿನವರು ಕೈತೊಳೆದುಕೊಳ್ಳುತ್ತಾರೆ. 20 ಪೌಂಡ್ ಉಳಿಸಲು ಆ ಬಾಗಿಲು ಮುಚ್ಚಿಕೊಳ್ಳುವುದು ಬೇಡ ಅಂತ ಹಟ ಹಿಡಿದೆ.

ಜನವರಿಯ ಒಂದು ಬೆಳಿಗ್ಗೆ ನೈಟ್ ಮುಗಿಸಿ ಬಂದರೆ ಬಾಗಿಲಲ್ಲಿ ಡಬ್ಬ. ರಾತ್ರಿಯಿಡೀ ಚಳಿಯಲ್ಲಿ ವ್ಯಾನಿನಲ್ಲಿದ್ದ ಮರದ ವಾದ್ಯವನ್ನು ತಕ್ಷಣ ಬೆಚ್ಚಗಿನ ಕೋಣೆಯಲ್ಲಿ ಬಿಚ್ಚಬಾರದು, ಡಬ್ಬದಲ್ಲೇ ಕೆಲವು ಗಂಟೆ ಬಿಡಬೇಕು, ಇಲ್ಲದಿದ್ದರೆ ಮೇಲಿನ ಮೆರುಗು ಸೀಳಬಹುದು. ಇದೂ ಮಗನೇ ಹೇಳಿದ್ದು, ಆದರೆ ಶಾಲೆಯಿಂದ ಬಂದಮೇಲೆ ತಾನೇ ಡಬ್ಬದ ಸುತ್ತ ಹತ್ತು ಸಲ ಸುತ್ತಿದ. ಸಂಜೆ ಬಿಚ್ಚುವಾಗ ನಾನು ವಿಡಿಯೋ ಮಾಡಿದೆ. "ಇದೇನು ಹೆರಿಗೆನಾ?" ಅಂತ ನಮ್ಮನೆಯವರು ನಕ್ಕರು.

ಆಂಪ್‌ಗೆ ಜೋಡಿಸಿ ವಾಲ್ಯೂಮ್ ನಾಬ್ ತಿರುಗಿಸಿದರೆ ಕರಕರ ಸದ್ದು. ಎರಡು ತಂತಿ ಶ್ರುತಿಯಲ್ಲಿ ನಿಲ್ಲಲಿಲ್ಲ. ಕುತ್ತಿಗೆಯ ಮೇಲೆ ಅಡ್ಡಕ್ಕೆ ಕೂರಿಸಿರುವ ಲೋಹದ ಪಟ್ಟಿಗಳು, ಅಂದರೆ ಫ್ರೆಟ್‌ಗಳು, ಮೊದಲ ಮೂರರಲ್ಲಿ ತಂತಿ ತಾಗುವ ಕಡೆ ತಗ್ಗು ಬಿದ್ದಿದ್ದವು. ಹದಿಮೂರರ ಹುಡುಗನ ಮುಖ ಬಾಡಿತು. ನಮ್ಮನೆಯವರ ಮುಖ ಕೆಂಪಾಯಿತು.

ಇಂಥ ಹೊತ್ತಲ್ಲಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ "ಮೋಸ" ಅಂತ ಕರೆಯಬಾರದು ಅನ್ನೋದು ನನ್ನ ಅಭಿಪ್ರಾಯ. ಎಮರ್ಜೆನ್ಸಿಗೆ ಬಂದವರನ್ನೆಲ್ಲ ನಾವು ಒಂದೇ ಸಾಲಿನಲ್ಲಿ ನಿಲ್ಲಿಸುವುದಿಲ್ಲ, ಕೆಂಪು, ಹಳದಿ, ಹಸಿರು ಅಂತ ಬೇರೆ ಮಾಡುತ್ತೇವೆ. ಕರಕರ ಸದ್ದು ಹಸಿರು. ನಾಬಿನ ಒಳಗೆ ಧೂಳು, ಕಿಲುಬು ಕೂತಿರುತ್ತದೆ. ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಒಂದಿಷ್ಟು ಹೊಡೆದು ಇಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿದರೆ ಹೋಗುತ್ತದೆ, ಹೋಯಿತು ಕೂಡ. ತಂತಿಯ ಎತ್ತರ, ಶ್ರುತಿ ಏರುಪೇರು, ಕತ್ತಿನ ಸಣ್ಣ ಬಾಗು ಇವೆಲ್ಲ ದೋಷವೇ ಅಲ್ಲ, ಹವೆ ಬದಲಾದಾಗ ಯಾವ ಗಿಟಾರಿಗೂ ಆಗುವುದು, ಕೂರಿಸಿ ಸರಿಮಾಡಿಸಬೇಕು. ಫ್ರೆಟ್ ಸವೆದದ್ದು ಹಳದಿ. ನುಡಿಸಿದ ಗಿಟಾರಿನ ಫ್ರೆಟ್ ಸವೆಯದೆ ಇರುತ್ತದೆಯೇ? "ಅತ್ಯುತ್ತಮ ಸ್ಥಿತಿ" ಅನ್ನುವ ಮಾತಿಗೆ ಒಪ್ಪುವಷ್ಟಲ್ಲ, ನಿಜ, ಆದರೆ ಅದನ್ನು ಅರದಿಂದ ಮಟ್ಟಮಾಡಿ ದುಂಡಗೆ ಮಾಡುವವರಿದ್ದಾರೆ. ಅದು ಬೆಲೆಯ ಚರ್ಚೆ.

ಕೆಂಪು ಸಿಕ್ಕಿದ್ದು ರಾತ್ರಿ ಹನ್ನೊಂದಕ್ಕೆ. ಎರಡು ತಂತಿ ಯಾಕೆ ನಿಲ್ಲುತ್ತಿಲ್ಲ ಅಂತ ನೋಡಲು ನನ್ನ ಯೂನಿಫಾರ್ಮ್ ಜೇಬಿನ ಪೆನ್ ಟಾರ್ಚ್ ತೆಗೆದೆ. ರೋಗಿಗಳ ಕಣ್ಣುಪಾಪೆ ನೋಡುವ ಟಾರ್ಚ್. ಬೆಳಕನ್ನು ನೇರ ಬಿಡದೆ ಓರೆಯಾಗಿ, ಮರದ ಮೇಲೆ ಸವರಿದ ಹಾಗೆ ಹಿಡಿದಾಗ ಹೆಡ್‌ಸ್ಟಾಕಿನ ಹಿಂದೆ, ಕತ್ತು ಸೇರುವ ಜಾಗದಲ್ಲಿ, ಕೂದಲೆಳೆಯ ಒಂದು ಗೆರೆ ಎದ್ದು ಕಂಡಿತು. ಉಗುರು ಎಳೆದರೆ ತಡೆಯುತ್ತದೆ. ಗೆರೆಯ ಸುತ್ತ ಬೆರಳಗಲ ಜಾಗದಲ್ಲಿ ಕಪ್ಪು ಬಣ್ಣ ಉಳಿದ ಕಪ್ಪಿಗಿಂತ ಒಂಚೂರು ಮಂಕು.

ಯಾಕೆ ಅಲ್ಲೇ ಅಂತ ಆಮೇಲೆ ತಿಳಿಯಿತು. ಈ ಮಾದರಿಯಲ್ಲಿ ಹೆಡ್‌ಸ್ಟಾಕ್ ಹಿಂದಕ್ಕೆ ಬಾಗಿರುತ್ತದೆ, ಸಾಮಾನ್ಯವಾಗಿ 14ರಿಂದ 17 ಡಿಗ್ರಿ. ಕತ್ತು, ತಲೆ ಎರಡನ್ನೂ ಒಂದೇ ಮರದ ತುಂಡಿನಲ್ಲಿ ಕೆತ್ತಿದರೆ ಆ ಬಾಗಿನಲ್ಲಿ ಮರದ ಎಳೆ ಉದ್ದಕ್ಕೆ ಓಡದೆ ಅಡ್ಡ ತುಂಡಾಗಿಬಿಡುತ್ತದೆ. ಸಾಲದ್ದಕ್ಕೆ ಕತ್ತಿನೊಳಗಿನ ಉಕ್ಕಿನ ಸರಳನ್ನು ಬಿಗಿಮಾಡುವ ನಟ್ಟಿಗೆ ಅಲ್ಲೇ ಗುಳಿ ತೋಡಿರುತ್ತಾರೆ. ತಂತಿಗಳು ಆರೂ ಸೇರಿ ಸುಮಾರು 45 ಕಿಲೋ ಭಾರದಷ್ಟು ಎಳೆಯುತ್ತಿರುತ್ತವೆ. ಗಿಟಾರ್ ಸ್ಟ್ಯಾಂಡಿನಿಂದ ಹಿಂದಕ್ಕೆ ಬಿದ್ದರೆ ಸಾಕು. 1954ರಲ್ಲಿ ಬಂದ ಸ್ಟ್ರಾಟೊಕಾಸ್ಟರ್ ಮಾದರಿಯ ತಲೆ ಹೀಗೆ ಹಿಂದಕ್ಕೆ ಬಾಗಿಲ್ಲ, ಅದಕ್ಕೆ ಈ ಕಾಟ ಕಡಿಮೆ.

ಆ ರಾತ್ರಿ ನಮ್ಮನೆಯವರು ಬರೆದ ಸಂದೇಶದಲ್ಲಿ "ಕಳ್ಳ" ಅನ್ನುವ ಪದ ಎರಡು ಸಲ, ಪೊಲೀಸು ಒಂದು ಸಲ ಇತ್ತು. ಕಳಿಸಲು ಬಿಡಲಿಲ್ಲ. ಡಾಕ್ಟರಿಗೆ ರಾತ್ರಿ ಮೂರು ಗಂಟೆಗೆ ಫೋನ್ ಮಾಡುವಾಗ ನಾವು ಒಂದು ಕ್ರಮ ಪಾಲಿಸುತ್ತೇವೆ: ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ನಿಮ್ಮಿಂದ ಏನಾಗಬೇಕು. ಅದೇ ನಾಲ್ಕು ಸಾಲು ಬರೆದೆ. ಹೆಡ್‌ಸ್ಟಾಕಿನ ಹಿಂದೆ ಬಿರುಕಿದೆ, ಮೇಲೆ ಬಣ್ಣ ಹಚ್ಚಲಾಗಿದೆ. ಇಂಥ ದಿನ ನಾನು ಕೇಳಿದಾಗ ಇಲ್ಲ ಎಂದಿದ್ದಿರಿ. ಇದು ಹಳೆಯ ರಿಪೇರಿ ಅನ್ನಿಸುತ್ತದೆ, ಫೋಟೋ ಲಗತ್ತಿಸಿದ್ದೇನೆ. ವಾಪಸ್ ತಗೊಂಡು ಪೂರ್ತಿ ಹಣ ಕೊಡಿ, ಇಲ್ಲವೇ ಬೆಲೆ ಇಳಿಸುವ ಬಗ್ಗೆ ಮಾತಾಡೋಣ. ಅಷ್ಟೇ. ಡಬ್ಬ, ಒಳಗಿನ ಕಾಗದ ಎಲ್ಲ ಎತ್ತಿಟ್ಟೆ.

ಮೊದಲ ಉತ್ತರ: ಕೊರಿಯರ್‌ನವರು ಮುರಿದಿರಬೇಕು. ಆದರೆ ಹೊಸದಾಗಿ ಮುರಿದರೆ ಒಳಗಿನ ಹಸಿ ಮರ ಕಾಣಬೇಕು. ಇಲ್ಲಿ ಬಿರುಕಿನ ಮೇಲೆ ಬಣ್ಣ ಹರಿದಿತ್ತು. ದಾರಿಯಲ್ಲಿ ಯಾರೂ ನಿಂತು ಪೇಂಟ್ ಮಾಡುವುದಿಲ್ಲವಲ್ಲ! ಎರಡನೇ ಉತ್ತರ: ಇದು ಹಳೇ ಸಾಮಾನು, ಇದ್ದ ಹಾಗೆ ಮಾರಿದ್ದು. ಮೂರನೆಯದು: "ನಾನೂ ಸೆಕೆಂಡ್ ಹ್ಯಾಂಡ್ ಕೊಂಡಿದ್ದು, ನನಗೆ ಗೊತ್ತಿರಲಿಲ್ಲ."

ಇಲ್ಲಿ ಕಾನೂನಿನ ಒಂದು ವಿಷಯ ಹೇಳಬೇಕು, ಯಾಕೆಂದರೆ ನಮ್ಮವರಲ್ಲಿ ಹಲವರು ಇದನ್ನು ತಪ್ಪು ತಿಳಿದಿದ್ದಾರೆ. ಇಂಗ್ಲೆಂಡಿನಲ್ಲಿ ವ್ಯಾಪಾರಿಯಿಂದ ಕೊಂಡರೆ, ಹಳೇ ಸಾಮಾನಾದರೂ ಸರಿ, 2015ರ ಗ್ರಾಹಕ ಹಕ್ಕುಗಳ ಕಾಯ್ದೆ ನಿಮ್ಮ ಬೆನ್ನಿಗಿದೆ. ಬರುವಾಗಲೇ ದೋಷವಿದ್ದರೆ 30 ದಿನದೊಳಗೆ ಹಿಂತಿರುಗಿಸಿ ಪೂರ್ತಿ ಹಣ ಕೇಳಬಹುದು. ಆನ್‌ಲೈನ್ ಆದರೆ, ಕಾರಣವೇ ಹೇಳದೆ 14 ದಿನದಲ್ಲಿ ಬೇಡ ಅನ್ನಲೂಬಹುದು. ಆದರೆ ನಮ್ಮ ನಿಮ್ಮಂಥ ಒಬ್ಬ ಖಾಸಗಿ ವ್ಯಕ್ತಿಯಿಂದ ಕೊಂಡಾಗ ಈ ಹಕ್ಕುಗಳು ಇಲ್ಲ. ವಸ್ತು ಅವನು ವರ್ಣಿಸಿದಂತೆ ಇರಬೇಕು, ಅವನು ಸುಳ್ಳು ಹೇಳಿರಬಾರದು, ಬಹುಮಟ್ಟಿಗೆ ಅಷ್ಟೇ. ಸುಮ್ಮನಿದ್ದರೆ ಅದು ಸಾಮಾನ್ಯವಾಗಿ ಸುಳ್ಳಲ್ಲ! ಫೋಟೋ ಹಾಕದೆ, ಏನೂ ಹೇಳದೆ ಬಾಯಿ ಮುಚ್ಚಿಕೊಂಡವನನ್ನು ಹಿಡಿಯುವುದು ಕಷ್ಟ. ಕೇಳಿದ ಪ್ರಶ್ನೆಗೆ "ಇಲ್ಲ" ಎಂದು ಬರೆದವನನ್ನು ಹಿಡಿಯಬಹುದು. "ಇದ್ದ ಹಾಗೆ ಮಾರಿದ್ದು" ಅಂತ ಆಮೇಲೆ ಹೇಳಿದರೂ, ಆಡಿದ ಮಾತಿನಿಂದ ಅವನಿಗೆ ಬಿಡುಗಡೆ ಇಲ್ಲ. ಅದಕ್ಕೇ ಹೇಳಿದ್ದು, ಆ ಒಂದು ಸಾಲಿನ ಪ್ರಶ್ನೆ ನಮ್ಮನ್ನು ಕಾಪಾಡಿತು ಅಂತ. ಕೇಳಿ. ಬರವಣಿಗೆಯಲ್ಲಿ ಕೇಳಿ. ಫೋನಿನಲ್ಲಿ ಮಾತಾಡಿದರೆ ಸಾಲದು.

ನಮ್ಮೂರಿನ ಕನ್ನಡ ಬಳಗದ ಸಂಕ್ರಾಂತಿ ಕೂಟದಲ್ಲಿ ಇದನ್ನು ಹೇಳಿದಾಗ ಒಬ್ಬ ಹಿರಿಯರು, "ಹೋಗ್ಲಿ ಬಿಡಮ್ಮಾ, ಪರದೇಶದಲ್ಲಿ ಯಾಕೆ ತಕರಾರು? ನಿನ್ನ ಎರಡು ಓವರ್‌ಟೈಮ್ ಶಿಫ್ಟಿನ ದುಡ್ಡು" ಅಂದರು. ಅವರ ಮೇಲೆ ನನಗೆ ಗೌರವವಿದೆ, ಈ ಮಾತಿನ ಮೇಲೆ ಇಲ್ಲ. ಎರಡು ಓವರ್‌ಟೈಮ್ ಶಿಫ್ಟ್ ಅಂದರೆ ಏನು ಅಂತ ನನ್ನ ಸೊಂಟಕ್ಕೆ ಗೊತ್ತು. ಅದಲ್ಲದೆ, ಸಭ್ಯವಾಗಿ ಕೇಳುವುದನ್ನೂ ನಾವು ಜಗಳ ಅಂದುಕೊಂಡುಬಿಟ್ಟಿದ್ದೇವೆ. ಬಾಡಿಗೆ ಮನೆಯ ಡೆಪಾಸಿಟ್ ಹಿಡಿದುಕೊಂಡಾಗ ಹೋಗ್ಲಿ ಬಿಡಿ, ಪೇ ಸ್ಲಿಪ್‌ನಲ್ಲಿ ಗಂಟೆ ಕಡಿಮೆ ಬಂದಾಗ ಹೋಗ್ಲಿ ಬಿಡಿ. ಹಾಗೆ ಬಿಟ್ಟದ್ದೆಲ್ಲ ಹೋಗುವುದಿಲ್ಲ, ಒಳಗೆ ಕೂತಿರುತ್ತದೆ. ಆಮೇಲೆ ಮನೆಗೆ ಬಂದು ಮಕ್ಕಳ ಮೇಲೆ ಹಾರಾಡುತ್ತೇವೆ.

ಪಕ್ಕದ ಊರಿನಲ್ಲಿ ಗಿಟಾರ್ ರಿಪೇರಿ ಮಾಡುವ ಒಬ್ಬ ಮುದುಕರ ಹತ್ತಿರ ತಗೊಂಡು ಹೋದೆವು. 20 ಪೌಂಡ್ ತಗೊಂಡು ಪೂರ್ತಿ ನೋಡಿದರು. ನೇರಳೆ ಬೆಳಕಿನ ಸಣ್ಣ ಟಾರ್ಚ್ ಹಾಕಿದಾಗ ಹಚ್ಚಿದ ಬಣ್ಣ ಉಳಿದ ಮೆರುಗಿನಿಂದ ಬೇರೆಯಾಗಿ, ತೇಪೆ ಹಾಕಿದ ಹಾಗೆ ಕಂಡಿತು. (ಕೈ ಸರಿಯಾಗಿ ತೊಳೆದಿದ್ದೇವಾ ಅಂತ ನಮ್ಮ ಟ್ರೈನಿಂಗಿನಲ್ಲಿ ನೋಡುವುದೂ ಇಂಥದೇ ಬೆಳಕಿನಲ್ಲಿ. ನಾನು ತೊಳೆದ ಮೇಲೂ ಹೆಬ್ಬೆರಳು ಹೊಳೆದಿತ್ತು, ಆ ಅವಮಾನ ಇನ್ನೂ ನೆನಪಿದೆ.) ಆಮೇಲೆ ಅವರು ಹೇಳಿದ್ದು ಮಗನಿಗೆ ಜೀವ ಬಂದ ಹಾಗಾಯಿತು: ಅಂಟು ಚೆನ್ನಾಗಿ ಕೂತಿದೆ, ಚೆನ್ನಾಗಿ ಅಂಟಿಸಿದ ಸೇರಿಕೆ ಸುತ್ತಲಿನ ಮರದಷ್ಟೇ ಗಟ್ಟಿ, ನುಡಿಸಲು ಏನೂ ತೊಂದರೆ ಇಲ್ಲ. ಆದರೆ ಕತ್ತು ಮುರಿದ ಗಿಟಾರಿನ ಬೆಲೆ ಮಾರುಕಟ್ಟೆಯಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಬಿದ್ದುಹೋಗುತ್ತದೆ. ಶ್ರುತಿ ನಿಲ್ಲದಿದ್ದದ್ದಕ್ಕೂ ಬಿರುಕಿಗೂ ಸಂಬಂಧವೇ ಇರಲಿಲ್ಲ, ತಂತಿ ಹಾಯುವ ನಟ್ಟಿನ ಸೀಳು ಬಿಗಿಯಾಗಿತ್ತು ಅಷ್ಟೇ. ಇಷ್ಟನ್ನು ಒಂದು ಕಾಗದದಲ್ಲಿ ಬರೆದುಕೊಟ್ಟರು.

ಆ ಕಾಗದ ಮತ್ತು ಅವನ "ಇಲ್ಲ" ಎರಡನ್ನೂ ಜಾಲತಾಣದ ದೂರಿಗೆ ಸೇರಿಸಿದೆ. ಮಾರಿದವನು 60 ಅಂದ, 90 ಅಂದ, ಕೊನೆಗೆ 125 ಪೌಂಡ್ ವಾಪಸ್ ಕೊಟ್ಟ. ಗಿಟಾರ್ ಹಿಂತಿರುಗಿಸಿ ಪೂರ್ತಿ ಹಣ ಪಡೆಯುವ ದಾರಿಯೂ ತೆರೆದಿತ್ತು. ಆದರೆ ಅಷ್ಟರಲ್ಲಿ ಮಗ ಅದನ್ನು ಬಿಡಲು ತಯಾರಿರಲಿಲ್ಲ. ಮುರಿದ ಕತ್ತಿನ ಗಿಟಾರನ್ನು ಗೊತ್ತಿದ್ದೂ ಇಟ್ಟುಕೊಂಡೆವು, ಅದಕ್ಕೆ ತಕ್ಕ ಬೆಲೆ ಕೊಟ್ಟು. ಅದರಲ್ಲಿ ನನಗೆ ಯಾವ ಬೇಸರವೂ ಇಲ್ಲ. ಎರಡು ವರ್ಷ ಚೆನ್ನಾಗಿ ನುಡಿಯಿತು, ನಮ್ಮ ನಿದ್ದೆಯನ್ನೂ ಚೆನ್ನಾಗಿ ಕೆಡಿಸಿತು.

ಈಗ ವಾರ್ಡಿನ ಮಾತು. ಒಬ್ಬ ರೋಗಿ ಒಂದು ವಾರ್ಡಿನಿಂದ ಇನ್ನೊಂದಕ್ಕೆ ಬಂದಾಗ ನಾವು ಮಾಡುವ ಮೊದಲ ಕೆಲಸಗಳಲ್ಲಿ ಒಂದು, ಚರ್ಮ ನೋಡುವುದು. ಬೆನ್ನಿನ ಕೆಳಭಾಗ, ಹಿಮ್ಮಡಿ, ಮೊಣಕೈ. ಎಲ್ಲಿ ಕೆಂಪಾಗಿದೆ, ಎಲ್ಲಿ ಬೆಡ್‌ಸೋರ್ ಶುರುವಾಗಿದೆ ಅಂತ ಮನುಷ್ಯಾಕೃತಿಯ ಚಿತ್ರದ ಮೇಲೆ ಗುರುತು ಹಾಕುತ್ತೇವೆ. ಕಳಿಸಿದವರು ಬರೆಯದೆ ಇದ್ದರೆ, ಬರಮಾಡಿಕೊಂಡವರು ನೋಡದೆ ಇದ್ದರೆ, ಎರಡು ದಿನದ ಮೇಲೆ ಆ ಹುಣ್ಣು ಯಾರದೂ ಅಲ್ಲದ ಹುಣ್ಣಾಗಿಬಿಡುತ್ತದೆ. ಎಲ್ಲರೂ ಹೇಳುವುದು ಒಂದೇ ಮಾತು: "ನನಗೆ ಗೊತ್ತಿರಲಿಲ್ಲ." ಹಲವರ ಮಟ್ಟಿಗೆ ಅದು ನಿಜವೂ ಹೌದು. ಗಿಟಾರ್ ಮಾರಿದವನ ಮಾತೂ ನಿಜವೇ ಇರಬಹುದು. ಯಾರೋ ಬೀಳಿಸಿದರು, ಯಾರೋ ಅಂಟಿಸಿ ಬಣ್ಣ ಬಳಿದರು, ಇವನು ಬಹುಶಃ ತಿರುಗಿಸಿಯೂ ನೋಡಲಿಲ್ಲ. ನೋಡದೆ "ಇಲ್ಲ" ಅಂದದ್ದು ಅವನ ತಪ್ಪು. ಬಣ್ಣ ಬಳಿದು ಸುಮ್ಮನಾದವನದು ಅದಕ್ಕಿಂತ ದೊಡ್ಡದು, ಅವನಿಗೆ ಮಾತ್ರ ಏನೂ ಆಗಲಿಲ್ಲ.

ಇಲ್ಲಿಗೆ ಬಂದ ಮೊದಲ ವರ್ಷ ಒಬ್ಬ ಅಜ್ಜಿಗೆ ರಾತ್ರಿಯ ಆಂಟಿಬಯೋಟಿಕ್ ಎರಡು ಗಂಟೆ ತಡವಾಗಿ ಕೊಟ್ಟೆ. ನಾಲ್ಕು ಬೆಲ್ ಒಟ್ಟಿಗೆ ಹೊಡೆದಿದ್ದವು, ಮರೆತೆ. ಊರಲ್ಲಿ ಕೆಲಸ ಮಾಡುವಾಗ ಕಲಿತದ್ದು ಸುಮ್ಮನಿರುವುದನ್ನು. ಸಿಸ್ಟರ್‌ಗೆ ಹೇಳಿದರೆ ಬೈಗುಳ, ರೋಗಿಯ ಕಡೆಯವರಿಗೆ ಹೇಳಿದರೆ ಗಲಾಟೆ. ಇಲ್ಲಿ ಸಂಗತಿ ಬೇರೆ. ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆಯ ದುರಂತದ ಮೇಲೆ ರಾಬರ್ಟ್ ಫ್ರಾನ್ಸಿಸ್ 2013ರಲ್ಲಿ ಕೊಟ್ಟ ವರದಿಯ ನಂತರ, ರೋಗಿಗೆ ಹಾನಿಯಾದಾಗ ಅದನ್ನು ಮುಚ್ಚಿಡದೆ ತಿಳಿಸಬೇಕೆಂದು 2014ರಿಂದ ಇಂಗ್ಲೆಂಡಿನ ಆಸ್ಪತ್ರೆಗಳ ಮೇಲೆ ಕಾನೂನೇ ಇದೆ. ನನ್ನದು ಅಷ್ಟು ದೊಡ್ಡ ತಪ್ಪಲ್ಲ, ಅಜ್ಜಿಗೆ ಏನೂ ಆಗಿರಲಿಲ್ಲ. ಆದರೂ ಇನ್‌ಚಾರ್ಜ್ ನರ್ಸ್ ಫಾರ್ಮ್ ತುಂಬಿಸಿ, "ಹೋಗಿ ಹೇಳು" ಅಂದರು. ಕೈ ನಡುಗುತ್ತಿತ್ತು. ಅಜ್ಜಿ ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿ, ಹೇಳಿದ್ದಕ್ಕೆ ಥ್ಯಾಂಕ್ಸ್ ಅಂದು, ಒಂದು ಕಪ್ ಟೀ ಕೇಳಿದರು. ಮುಂದಿನ ಮೂರು ರಾತ್ರಿ ನಾನು ಮಾತ್ರೆ ತಂದಾಗಲೆಲ್ಲ ಗಡಿಯಾರ ನೋಡಿ ನಗುತ್ತಿದ್ದರು.

ಭಾನುವಾರ ಸಂಜೆ ಇಷ್ಟನ್ನೂ ನಮ್ಮನೆಯವರಿಗೆ ಹೇಳಲಿಲ್ಲ. ಹೇಳಿದರೆ ಭಾಷಣ ಅಂತಾರೆ. ಒಂದೇ ಮಾತು ಕೇಳಿದೆ: "ರೀ, ಕೊಳ್ಳೋದು ಇನ್ನೊಬ್ಬ ಹದಿಮೂರು ವರ್ಷದ ಹುಡುಗನೇ ಇರಬಹುದು. ರಾತ್ರಿ ಹನ್ನೊಂದಕ್ಕೆ ಅವನಮ್ಮ ಟಾರ್ಚ್ ಹಿಡಿದಾಗ ನಮಗೆ ಏನಂತ ಹೆಸರಿಡ್ತಾಳೆ?" ಉತ್ತರ ಬರಲಿಲ್ಲ. "ಬರೆದ್ರೆ 200 ಕೂಡ ಸಿಗಲ್ಲ" ಅಂದರು ಸ್ವಲ್ಪ ಹೊತ್ತಿನ ಮೇಲೆ. ಸಿಗದೇ ಇರಬಹುದು, ಅದು ನಿಜ. ನಾನು ಬ್ಯಾಗ್ ತಗೊಂಡು ಡ್ಯೂಟಿಗೆ ಹೋದೆ.

ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗ ಫೋನ್ ನೋಡಿದರೆ ಜಾಹೀರಾತು ಹಾಕಿಯಾಗಿತ್ತು. ಬೆಲೆ 190. ಮೊದಲನೇ ಫೋಟೋನೇ ಹೆಡ್‌ಸ್ಟಾಕಿನ ಹಿಂಭಾಗ, ಓರೆ ಬೆಳಕಿನಲ್ಲಿ, ಗೆರೆ ಸ್ಪಷ್ಟವಾಗಿ. ರಿಪೇರಿ ಮುದುಕರ ಕಾಗದದ ಫೋಟೋ ಎರಡನೆಯದು. ಕೆಳಗೆ ನಮ್ಮನೆಯವರ ಮೂರು ಸಾಲು, ಅದರ ಕೆಳಗೆ ಮಗ ತಾನಾಗಿ ಸೇರಿಸಿದ್ದು ಒಂದು: "ಚಳಿಗಾಲದಲ್ಲಿ ವಾಲ್ಯೂಮ್ ನಾಬ್ ಒಮ್ಮೊಮ್ಮೆ ಕರಕರ ಅನ್ನುತ್ತದೆ, ಕ್ಲೀನರ್ ಡಬ್ಬ ಜೊತೆಗೇ ಕೊಡುತ್ತೇವೆ."